ಮೆಣಸಿನ ರಾಣಿಯ ಕೋಟೆಯಲ್ಲಿ ಮೆಣಸಿನಕಾಯಿ ಬೆಳೆಯುವವರು

ಶಾಲೆಯ ಪ್ರವಾಸದ ಮಾತು ಬಂದ ದಿನ ಮೇಡ್ಲೇರಿಯ ಆ ಮನೆಯಲ್ಲಿ ಅಪ್ಪ ಮಗಳ ನಡುವೆ ಮಾತು ನಿಂತಿತ್ತು. ಮಗಳು ಹತ್ತನೆಯ ತರಗತಿ. ಅಪ್ಪನಿಗೆ ನಾಲ್ಕು ಎಕರೆ ಕರಿಮಣ್ಣಿನ ಹೊಲ. ಅದರಲ್ಲಿ ಅರ್ಧ ಗೋವಿನಜೋಳ, ಅರ್ಧ ಬ್ಯಾಡಗಿ ಮೆಣಸಿನಕಾಯಿ. ಅವ್ವ ದಿನಾ ಬೆಳಿಗ್ಗೆ ಬೀಜೋತ್ಪಾದನೆಯ ಪ್ಲಾಟಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುವವಳು.

"ಎಸ್ಸೆಲ್ಸಿ ವರ್ಷ ಐತಿ. ಈಗ ಯಾಕ ಬೇಕವ್ವಾ ಪ್ರವಾಸ?" ಎಂದು ಅಪ್ಪ ಕೇಳಿದ್ದ.

"ಎಲ್ಲಾರೂ ಹೊಂಟಾರಪ್ಪಾ. ನಾ ಸಮುದ್ರಾನ ನೋಡಿಲ್ಲ."

ಅಪ್ಪ ಸುಮ್ಮನಾದ. ಅವನ ಅಂಗಿಯ ಜೇಬಿನಲ್ಲಿ ಮಡಿಚಿ ಮಡಿಚಿ ಹಣ್ಣಾದ ಒಂದು ಚೀಟಿ ಇತ್ತು. ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟ 28 ಚೀಲ ಮೆಣಸಿನಕಾಯಿಯ ರಸೀದಿ ಅದು. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ದರ ಒಮ್ಮೆಲೇ ಬಿದ್ದು, ಸಿಟ್ಟಿಗೆದ್ದ ರೈತರು ವಾಹನಗಳಿಗೆ ಬೆಂಕಿ ಇಟ್ಟ ಸುದ್ದಿಯನ್ನು ನಾಡೆಲ್ಲ ಓದಿದೆ. ಆ ಗಲಾಟೆಯಲ್ಲಿ ಈತ ಇರಲಿಲ್ಲ. ದರ ಏರಲಿ ಎಂದು ಚೀಲಗಳನ್ನು ತಂಪಿನಲ್ಲಿಟ್ಟು ಊರಿಗೆ ಮರಳಿದ್ದ. ಏರಲಿಲ್ಲ. ತಿಂಗಳು ಉರುಳಿದಂತೆ ಬಾಡಿಗೆ ಮಾತ್ರ ಏರಿತು. ಹೊಲದಲ್ಲಿ ಹೊಸ ಬೆಳೆ ಕೆಂಪಾಗುವ ಹೊತ್ತಿಗೂ ಹಳೆಯ ಬೆಳೆ ಮಾರಾಟವಾಗದೆ ಉಳಿದಿತ್ತು.

ಮಗಳಿಗೆ ವಿಜ್ಞಾನ ಓದುವ ಆಸೆ. ಪಿಯುಸಿಗೆ ರಾಣೇಬೆನ್ನೂರಿಗೆ ಹೋಗಬೇಕು, ಕಾಲೇಜಿನ ಫೀ, ಪುಸ್ತಕ, ಟ್ಯೂಶನ್. "ಒಂದ್ ವರ್ಷ ತಡಿ. ರೇಟ್ ಬರ್ಲಿ, ಆಮ್ಯಾಲ ನೋಡೋಣು" ಎಂದು ಅಪ್ಪ ಒಮ್ಮೆ ಅಂದದ್ದು ಅವಳ ಎದೆಯಲ್ಲಿ ಕೂತಿತ್ತು. ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಗಳ ಓದಿಗೆ ಬಿದ್ದ ಒಂದು ವರ್ಷದ ತಡೆ ಒಂದೇ ವರ್ಷಕ್ಕೆ ಮುಗಿಯುವುದು ಅಪರೂಪ ಎಂಬುದನ್ನು ಅವಳೂ ಬಲ್ಲಳು, ಅವ್ವನೂ ಬಲ್ಲಳು.

ಕೊನೆಗೆ ಅವ್ವ ತನ್ನ ಕೂಲಿಯ ದುಡ್ಡಿನಲ್ಲಿ ಪ್ರವಾಸದ ಹಣ ಕೊಟ್ಟಳು. ಮಕ್ಕಳನ್ನು ನೋಡಿಕೊಳ್ಳಲು ಇಬ್ಬರು ಮೂವರು ಪಾಲಕರೂ ಬರಬೇಕೆಂದು ಶಾಲೆಯವರು ಕೇಳಿದಾಗ, "ನೀವ ಹೋಗಿ ಬರ್ರಿ, ನಿಮಗೂ ಒಂದೀಟು ಮನಸು ಹಗುರ ಆಗ್ತೈತಿ" ಎಂದು ಗಂಡನನ್ನೂ ಬಸ್ಸು ಹತ್ತಿಸಿದಳು. ಹೀಗೆ 2024ರ ನವೆಂಬರ್ ಕೊನೆಯಲ್ಲಿ, ನಸುಕಿನ ಚಳಿಯಲ್ಲಿ, ಅಪ್ಪ ಮಗಳು ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಹೊರಟರು.

ರಾಣೇಬೆನ್ನೂರು, ಹಾವೇರಿ ದಾಟಿ ಬಸ್ಸು ಶಿರಸಿಯ ಹಾದಿ ಹಿಡಿಯಿತು. ಬಯಲು ಮುಗಿದು ಕಾಡು ಬಂತು. ಶಿರಸಿಯ ಆಸುಪಾಸಿನ ಅಡಿಕೆ ತೋಟಗಳಲ್ಲಿ ಪ್ರತಿ ಮರಕ್ಕೂ ಹಸಿರು ಬಳ್ಳಿ ಅಪ್ಪಿಕೊಂಡಿತ್ತು. "ಅದೇ ಕಾಳುಮೆಣಸಿನ ಬಳ್ಳಿ. ನಾವು ಇವತ್ತು ನೋಡೋ ಕೋಟೆ ಕಟ್ಟಿಸಿದ್ದು ಆ ಬಳ್ಳಿ" ಎಂದು ಸಮಾಜ ವಿಜ್ಞಾನದ ಮಾಸ್ತರು ಕಿಟಕಿಯತ್ತ ಕೈ ತೋರಿಸಿದರು. ಮಕ್ಕಳು ನಕ್ಕರು. ಬಳ್ಳಿ ಕೋಟೆ ಕಟ್ಟುತ್ತದೆಯೇ?

ದೇವಿಮನೆ ಘಟ್ಟದ ತಿರುವುಗಳಲ್ಲಿ ನಾಲ್ಕಾರು ಮಕ್ಕಳು ವಾಂತಿ ಮಾಡಿಕೊಂಡು ಸುಸ್ತಾದರು. ಘಟ್ಟ ಇಳಿದು, ಕರಾವಳಿಯ ಹೆದ್ದಾರಿಗೆ ಸೇರಿ, ಅಘನಾಶಿನಿ ನದಿಯ ಸೇತುವೆ ದಾಟಿದರೆ ಮಿರ್ಜಾನ. ಕುಮಟಾದಿಂದ ಉತ್ತರಕ್ಕೆ ಸುಮಾರು 11 ಕಿಲೋಮೀಟರ್. ಹೆದ್ದಾರಿಯಿಂದ ಕೋಟೆಗೆ ಅರ್ಧ ಕಿಲೋಮೀಟರ್ ಮಾತ್ರ. ಗೋಕರ್ಣಕ್ಕೆ ಹೋಗುವ ಎಷ್ಟೋ ಜನ ಪಕ್ಕದಲ್ಲೇ ಇರುವ ಇದನ್ನು ನೋಡದೆ ಹೋಗಿಬಿಡುತ್ತಾರೆ.

ಸೇತುವೆ ದಾಟಿದ ಮೇಲೆ ನದಿಯ ದಂಡೆಯಲ್ಲಿ ಬಸ್ಸು ನಿಂತಿತು. ಇಳಿದವರಲ್ಲಿ ಮೊದಲು ಬೆರಗಾದವನು ಅಪ್ಪ. ತುಂಗಭದ್ರೆಯ ನೀರು ನೋಡಿ ಬೆಳೆದ ಕಣ್ಣು ಅದು. ನೀರಿನ ಮೇಲೆ ತೇಲುತ್ತಿದ್ದ ತೆಂಗಿನ ಸಿಪ್ಪೆಯೊಂದು ಸಮುದ್ರದ ದಿಕ್ಕಿನಿಂದ ಘಟ್ಟದ ದಿಕ್ಕಿಗೆ ಸಾಗುತ್ತಿತ್ತು.

"ಮಾಸ್ತರ, ನೀರು ಹಿಂದಕ ಹೊಂಟೈತಲ್ರೀ!"

ಅದು ಉಬ್ಬರದ ಹೊತ್ತು. ಚಂದ್ರ ಸೂರ್ಯರ ಸೆಳೆತದಿಂದ ಸಮುದ್ರದ ನೀರು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಏರಿಕೆ ಸುಮಾರು ಆರು ತಾಸು, ಇಳಿತ ಸುಮಾರು ಆರು ತಾಸು. ಏರಿದಾಗ ಉಪ್ಪುನೀರು ನದಿಯ ಬಾಯಿಯೊಳಗೆ ನುಗ್ಗಿ ಬಹುದೂರ ಒಳಗೆ ಬರುತ್ತದೆ. ಇಂಜಿನ್ ಇಲ್ಲದ ಕಾಲದ ನಾವಿಕರಿಗೆ ಇದೇ ಇಂಜಿನ್. ಉಬ್ಬರದ ಜೊತೆ ದೋಣಿ ಒಳಗೆ, ಇಳಿತದ ಜೊತೆ ಸರಕು ಹೊರಗೆ. ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತದ ತಳಿಯನ್ನು ಇಲ್ಲಿನ ರೈತರು ತಲೆತಲಾಂತರದಿಂದ ಬೆಳೆಯುತ್ತ ಬಂದಿದ್ದಾರೆ ಎಂದು ಮಾಸ್ತರು ಹೇಳಿದಾಗ ಅಪ್ಪ ತಲೆಯಾಡಿಸಿದ. ಅಣೆಕಟ್ಟೆಯೇ ಇಲ್ಲದ ಈ ನದಿಯ ಅಳಿವೆ ಪ್ರದೇಶ 2024ರ ಜನವರಿಯಲ್ಲಿ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ನೀರಿನ ಹಕ್ಕಿ, ಮೀನು, ಚಿಪ್ಪುಗಳಿಗೆ ನೆಲೆಯಾದ ಜೌಗುಭೂಮಿಗಳನ್ನು ಕಾಪಾಡಲು ಮಾಡಿದ ಅಂತರರಾಷ್ಟ್ರೀಯ ಪಟ್ಟಿ ಅದು.

ಅಲ್ಲಿಂದ ಕೋಟೆ. ಹಸಿರು ಹುಲ್ಲಿನ ನಡುವೆ ಎತ್ತರದ ಕೆಂಗಲ್ಲಿನ ಗೋಡೆ, ದುಂಡನೆಯ ಬುರುಜುಗಳು, ಗೋಡೆಯ ಹೊರಗೆ ಕಂದಕ. ಹತ್ತು ಎಕರೆಯಷ್ಟು ಹರವು. ಮಳೆಗಾಲದ ಪಾಚಿ ಇನ್ನೂ ಒಣಗದೆ ಗೋಡೆಗಳೆಲ್ಲ ಹಸಿರು ಮಖಮಲ್ಲು ಹೊದ್ದಂತಿದ್ದವು. ಅಗಲವಾದ ಮೆಟ್ಟಿಲು ಏರಿ ಹೆಬ್ಬಾಗಿಲು ದಾಟಿದರೆ ಒಳಗೆ ಕಟ್ಟಡಗಳ ತಳಪಾಯ, ಮೆಟ್ಟಿಲು ಇಳಿದು ನೀರು ಮುಟ್ಟಬಹುದಾದ ಆಳದ ಬಾವಿಗಳು, ಗುಪ್ತ ದಾರಿಗಳು. ಬಾವಿಗಳಿಗೂ ಹೊರಗಿನ ಕಂದಕಕ್ಕೂ ಕಾಲುವೆಗಳಿಂದ ನಂಟು ಕಲ್ಪಿಸಿದ್ದಾರೆ.

ಕಲ್ಲನ್ನು ಮುಟ್ಟಿ ನೋಡಿದ ಮಕ್ಕಳಿಗೆ ಅದರ ಮೈತುಂಬ ತೂತು ಕಂಡು ಸೋಜಿಗ. ಇದು ಜಂಬಿಟ್ಟಿಗೆ, ಕರಾವಳಿಯವರ ಬಾಯಲ್ಲಿ ಚಿರೇಕಲ್ಲು. ಸಾವಿರಾರು ವರ್ಷ ಬಿಸಿಲು ಮಳೆಗೆ ಬಂಡೆ ಕೊಳೆತು, ಕರಗುವ ಅಂಶವೆಲ್ಲ ನೀರಿನಲ್ಲಿ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಮ್ಮಿನ ಅಂಶ ಉಳಿದು ಆದ ಕಲ್ಲು. ಕಬ್ಬಿಣ ತುಕ್ಕು ಹಿಡಿದ ಬಣ್ಣವೇ ಆ ಕೆಂಪು. ನೆಲದೊಳಗೆ ಇರುವಾಗ ಕೊಡಲಿಯಿಂದಲೂ ಕಡಿಯಬಹುದಾದಷ್ಟು ಮೆದು. ಗಾಳಿಗೆ ಒಡ್ಡಿದ ಮೇಲೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕೇರಳದಲ್ಲಿ ಇದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ 'ಲ್ಯಾಟರೈಟ್' ಎಂದು ಹೆಸರಿಟ್ಟದ್ದು 1807ರ ಗ್ರಂಥದಲ್ಲಿ. ಅದಕ್ಕೂ ನೂರಾರು ವರ್ಷ ಮೊದಲೇ ನಮ್ಮ ಕಲ್ಲುಕುಟಿಗರು ಆ ಗುಣವನ್ನು ಅರಿತು ಕೋಟೆ ಕಟ್ಟಿದ್ದರು.

ಮಕ್ಕಳು ಬುರುಜಿನಿಂದ ಬುರುಜಿಗೆ ಓಡುತ್ತಿದ್ದರೆ ಅಪ್ಪ ಒಂದು ಕಡೆ ನಿಂತು ಸುತ್ತ ನೋಡುತ್ತಿದ್ದ. ಚೀಲ ಹೊತ್ತವನ ಕಣ್ಣಿಗೆ ಕಾಣುವುದೇ ಬೇರೆ. "ರಾಜರ ಮನಿ ಅನ್ನೂದಕ್ಕಿಂತ ಇದು ನಮ್ಮ ಅಡತಿ ಅಂಗಡಿ ಇದ್ದಂಗ ಐತಲ್ರೀ ಮಾಸ್ತರ. ಮುಂದ ನೀರಿನ ದಾರಿ, ಹಿಂದ ಘಟ್ಟದ ದಾರಿ. ನಡುವ ಕುಂತಾರ."

ಮಾಸ್ತರು ಒಂದು ಕ್ಷಣ ಅವನ ಮುಖ ನೋಡಿ, "ಅದೇ ಖರೆ" ಎಂದರು. ಮಕ್ಕಳನ್ನು ಕರೆದು ನೆರಳಲ್ಲಿ ಕೂಡಿಸಿದರು.

ಗೇರುಸೊಪ್ಪೆಯ ಚೆನ್ನಭೈರಾದೇವಿ 1552ರಿಂದ 1606ರವರೆಗೆ, 54 ವರ್ಷ ಆಳಿದ ಜೈನ ರಾಣಿ. ಇಷ್ಟು ದೀರ್ಘಕಾಲ ರಾಜ್ಯವಾಳಿದ ಹೆಣ್ಣುಮಗಳು ನಮ್ಮ ಇತಿಹಾಸದಲ್ಲಿ ಇನ್ನೊಬ್ಬಳನ್ನು ಹುಡುಕುವುದು ಕಷ್ಟ. ಘಟ್ಟದ ಕಾಳುಮೆಣಸು ಆಕೆಯ ನಾಡಿನ ಮೂಲಕವೇ ಕಡಲಿಗೆ ಇಳಿಯಬೇಕಿತ್ತು. ಪೋರ್ಚುಗೀಸರು ಆಕೆಯನ್ನು 'ರೈನಾ ದ ಪಿಮೆಂಟಾ', ಎಂದರೆ ಮೆಣಸಿನ ರಾಣಿ, ಎಂದು ಕರೆದರು. ಅವರೊಡನೆ ವ್ಯಾಪಾರವನ್ನೂ ಮಾಡಿದಳು, ಯುದ್ಧವನ್ನೂ ಮಾಡಿದಳು. ಮಿರ್ಜಾನ ಕೋಟೆಯನ್ನು ಆಕೆಯೇ ಕಟ್ಟಿಸಿದಳೆಂಬ ಮಾತು ಜನಜನಿತ. ಬಿಜಾಪುರದ ಆದಿಲಶಾಹಿ ಅಧಿಕಾರಿ ಕಟ್ಟಿಸಿದನೆಂದು ಹೇಳುವವರೂ ಇದ್ದಾರೆ. ಒಂದು ಮಾತು ಮಾತ್ರ ಎಲ್ಲರೂ ಒಪ್ಪುವಂಥದು: ಅಘನಾಶಿನಿಯ ಬಾಯಿ ಯಾರ ಕೈಯಲ್ಲಿತ್ತೋ ಮೆಣಸಿನ ವ್ಯಾಪಾರ ಅವರ ಕೈಯಲ್ಲಿತ್ತು. ಕೊನೆಗೆ ಕೆಳದಿಯ ವೆಂಕಟಪ್ಪ ನಾಯಕನಿಗೆ ಸೋತ ರಾಣಿ ಇಕ್ಕೇರಿಯ ಸೆರೆಯಲ್ಲಿ ಕೊನೆಯುಸಿರೆಳೆದಳು ಎನ್ನುತ್ತಾರೆ. ಪುರಾತತ್ತ್ವ ಇಲಾಖೆಯವರು 2000–01ರಲ್ಲಿ ಇಲ್ಲಿ ಅಗೆದಾಗ ತೋಪಿನ ಗುಂಡುಗಳು, ಚೀನಾದ ಪಿಂಗಾಣಿಯ ಚೂರುಗಳು, ಪೋರ್ಚುಗೀಸರ ಚಿನ್ನದ ನಾಣ್ಯ ಸಿಕ್ಕವು. ಎಲ್ಲೆಲ್ಲಿಯ ಹಡಗು ಈ ಕೆಸರುನೀರಿಗೆ ಬಂದಿದ್ದವು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

"ಇಲ್ಲಿಂದ ಮುಂದ ಎಲ್ಲಿಗೆ ಹೋಗ್ತಿತ್ತು ಸರ್?" ಎಂದು ಒಬ್ಬ ಹುಡುಗ ಕೇಳಿದ.

ಮಾಸ್ತರು ಮಣ್ಣಿನ ಮೇಲೆ ಕಡ್ಡಿಯಿಂದ ನಕಾಶೆ ಗೀರಿದರು. ಪೋರ್ಚುಗೀಸರು ಬರುವ ಮೊದಲು ನಮ್ಮ ಕರಾವಳಿಯ ಮೆಣಸು ಅರಬ್ಬಿ ಸಮುದ್ರ ದಾಟಿ ಕೆಂಪು ಸಮುದ್ರ ಸೇರುತ್ತಿತ್ತು. ಅಲ್ಲಿಂದ ಈಜಿಪ್ಟಿನ ನೆಲದ ಮೇಲೆ ಹಾದು ಮೆಡಿಟರೇನಿಯನ್ ದಂಡೆಯ ಅಲೆಕ್ಸಾಂಡ್ರಿಯಾ ಬಂದರು. ಅಲ್ಲಿಂದ ವೆನಿಸ್ಸಿನ ವರ್ತಕರ ಹಡಗು ಹತ್ತಿ ಯುರೋಪಿನ ಅಡುಗೆಮನೆ. ಆ ಅಲೆಕ್ಸಾಂಡ್ರಿಯಾದ ಬಂದರಿನ ಬಾಯಲ್ಲೂ ಒಂದು ಕೋಟೆಯಿದೆ. ಪ್ರಾಚೀನ ಜಗತ್ತಿನ ಅದ್ಭುತಗಳಲ್ಲಿ ಒಂದೆನಿಸಿದ್ದ ಫಾರೋಸ್ ದೀಪಸ್ತಂಭ ಭೂಕಂಪಗಳಿಗೆ ಸಿಕ್ಕಿ ಬಿದ್ದ ಮೇಲೆ, ಅದೇ ಜಾಗದಲ್ಲಿ, ಅದರ ಕಲ್ಲುಗಳನ್ನೂ ಬಳಸಿ ಸುಲ್ತಾನ ಕೈತ್‌ಬೇ 1477–79ರಲ್ಲಿ ಕಟ್ಟಿಸಿದ್ದು. ದಾರಿಯುದ್ದಕ್ಕೂ ಸುಂಕ, ದಾರಿಯುದ್ದಕ್ಕೂ ಲಾಭ, ಪ್ರತಿ ಕೈ ಬದಲಾದಾಗಲೂ ಬೆಲೆ ಏರಿಕೆ. ಆ ಸುಂಕದ ದಾರಿಯನ್ನು ತಪ್ಪಿಸಿಕೊಳ್ಳಲೆಂದೇ ವಾಸ್ಕೋ ಡ ಗಾಮ ಆಫ್ರಿಕಾ ಸುತ್ತಿ 1498ರಲ್ಲಿ ಕಲ್ಲಿಕೋಟೆಗೆ ಬಂದ. ನದಿಯ ಬಾಯಲ್ಲೊಂದು ಮಿರ್ಜಾನ, ಕಡಲಿನಾಚೆ ಕೈತ್‌ಬೇ ಕೋಟೆ. ಎರಡೂ ಒಂದೇ ಕಾಳು ಸಾಗಿದ ದಾರಿಯ ಬಾಗಿಲುಗಳು.

ಅಷ್ಟು ಹೊತ್ತು ಸುಮ್ಮನೆ ಬರೆದುಕೊಳ್ಳುತ್ತಿದ್ದ ಹುಡುಗಿ ತಲೆಯೆತ್ತಿದಳು.

"ಸರ್, ಅದರಾಗ ಬೆಳೆದವ್ರಿಗೆ ಎಷ್ಟು ಬರ್ತಿತ್ತು?"

ಮಾಸ್ತರ ಕಡ್ಡಿ ನಿಂತಿತು. ರಾಣಿಯ ಹೆಸರಿದೆ, ವೈಸ್‌ರಾಯ್‌ಗಳ ಹೆಸರಿದೆ, ಹಡಗುಗಳ ಲೆಕ್ಕವಿದೆ. ಮರ ಹತ್ತಿ ಕಾಳು ಬಿಡಿಸಿ, ಚಾಪೆಯ ಮೇಲೆ ಒಣಗಿಸಿ, ತಲೆಹೊರೆಯಲ್ಲಿ ಘಟ್ಟ ಇಳಿಸಿದವನಿಗೆ ಸಿಕ್ಕಿದ್ದೆಷ್ಟು? "ನಾ ಓದಿದ ಪುಸ್ತಕದಾಗ ಅದನ್ನ ಯಾರೂ ಬರದಿಲ್ಲವ್ವಾ" ಎಂದು ಅವರು ನೇರವಾಗಿ ಒಪ್ಪಿಕೊಂಡರು.

ಹಿಂದೆ ನಿಂತಿದ್ದ ಅಪ್ಪ ಸಣ್ಣಗೆ ನಕ್ಕ. ಆ ನಗುವಿನಲ್ಲಿ ಸಂತೋಷ ಇರಲಿಲ್ಲ. "ಆವಾಗೂ ಹಂಗ ಇತ್ತು ಅನ್ರಿ."

ಮಧ್ಯಾಹ್ನ ಕೋಟೆಯ ಹೊರಗೆ ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಮೆಣಸಿನಕಾಯಿಯ ಖಾರ. ಮಾಸ್ತರು ಖಾರವನ್ನು ತೋರಿಸಿ, "ಇದೂ ಇದೇ ದಂಡೆಯಿಂದ ಬಂದದ್ದು" ಎಂದಾಗ ಅಪ್ಪ ಒಪ್ಪಲಿಲ್ಲ.

"ಅದ್ಹೆಂಗ್ರೀ? ನಮ್ಮ ಮುತ್ತಜ್ಜನ ಕಾಲದಿಂದ ಬ್ಯಾಡಗಿ ಬೆಳೀ ನಮ್ಮದಾ ಐತಿ!"

ಆದರೆ ನಿಜ ಅದೇ. ಮೆಣಸಿನಕಾಯಿಯ ತವರು ಅಮೆರಿಕ ಖಂಡ. 1492ರಲ್ಲಿ ಮೆಣಸಿನ ನಾಡು ಹುಡುಕುತ್ತ ಪಶ್ಚಿಮಕ್ಕೆ ಹೊರಟ ಕೊಲಂಬಸ್‌ನಿಗೆ ಅಲ್ಲಿ ಸಿಕ್ಕಿದ್ದು ಈ ಖಾರದ ಕಾಯಿ. ಅದನ್ನೂ ಮೆಣಸಿನ ಜಾತಿಯೆಂದೇ ಬಗೆದ. ಮುಂದೆ ಪೋರ್ಚುಗೀಸರ ಹಡಗುಗಳಲ್ಲಿ ಅದು ನಮ್ಮ ಪಶ್ಚಿಮ ಕರಾವಳಿಗೆ ಬಂತು. ಕಪ್ಪು ಕಾಳನ್ನು ಒಯ್ಯಲು ಬಂದವರು ಕೆಂಪು ಕಾಯಿಯನ್ನು ಬಿಟ್ಟು ಹೋದರು. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಮೊದಲು 'ಮೆಣಸು' ಎಂದರೆ ಕಪ್ಪು ಕಾಳು. ಹೊಸ ಕಾಯಿ ಬಂದ ಮೇಲೆ ಅದು 'ಮೆಣಸಿನಕಾಯಿ' ಆಯಿತು, ಹಳೆಯ ಮೆಣಸು 'ಕಾಳುಮೆಣಸು', 'ಕರಿಮೆಣಸು' ಎಂದು ಗುರುತು ಹೇಳಿಕೊಳ್ಳಬೇಕಾಯಿತು. ಮಂಗಳೂರಿನ ಕಡೆ ಇವತ್ತಿಗೂ ಅದಕ್ಕೆ 'ಒಳ್ಳೆಮೆಣಸು' ಎನ್ನುತ್ತಾರೆ. ಹೊರಗಿನಿಂದ ಬಂದ ಆ ಕಾಯಿ ನಮ್ಮ ಕರಿಮಣ್ಣಿನಲ್ಲಿ ಬೇರೂರಿ, ಸುಕ್ಕುಸುಕ್ಕಾದ ಸಿಪ್ಪೆ, ಕಡು ಕೆಂಪು, ಕಡಿಮೆ ಖಾರದ ತನ್ನದೇ ಗುಣ ಪಡೆದು, 2011ರಲ್ಲಿ 'ಬ್ಯಾಡಗಿ ಮೆಣಸಿನಕಾಯಿ' ಎಂದು ಭೌಗೋಳಿಕ ಗುರುತು ಗಳಿಸಿತು. ಹಾಗಾದರೆ ಅದು ನಮ್ಮದು ಎಂಬ ಅಪ್ಪನ ಮಾತೂ ಸುಳ್ಳಲ್ಲ. ಬೀಜ ಪರದೇಶದ್ದು, ಬಣ್ಣ ನಮ್ಮ ನೆಲದ್ದು, ಅದನ್ನು ಬೆಳೆದವರ ಕೈಯದ್ದು.

"ಕಾಳುಮೆಣಸಿನ ಖಾರಾ ಬ್ಯಾರೆ, ಇದರ ಖಾರಾ ಬ್ಯಾರೆ. ಅದರಾಗ ಪೈಪರಿನ್, ಇದರಾಗ ಕ್ಯಾಪ್ಸೈಸಿನ್" ಎಂದಳು ಮಗಳು. "ಪೈಪರಿನ್ ಬ್ಯಾರೆ ಮಾಡಿ ತೋರಿಸಿದಾವ ಓರ್ಸ್ಟೆಡ್ ಅಪ್ಪಾ, 1819ರಾಗ. ನಮ್ಮ ವಿಜ್ಞಾನ ಪುಸ್ತಕದಾಗ ಅದಾನ ಅವ. ಕರೆಂಟ್ ಹರಿಯೂ ತಂತಿ ಹತ್ರ ದಿಕ್ಸೂಚಿ ಇಟ್ಟು, ಮುಳ್ಳು ಅಲಗಾಡೂದನ್ನ ಕಂಡಾವ."

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಕೇಳಿದ. "ಬಣ್ಣದ್ದೂ ಐತೇನು ನಿಮ್ಮ ಪುಸ್ತಕದಾಗ?"

ಪಠ್ಯಪುಸ್ತಕದಲ್ಲಿ ಇರಲಿಲ್ಲ, ಗ್ರಂಥಾಲಯದ ಪುಸ್ತಕದಲ್ಲಿತ್ತು. ಅವಳು ಹೇಳಿದಳು. ಮೆಣಸಿನಕಾಯಿಯ ಪುಡಿಯನ್ನು ಅಸಿಟೋನ್ ಎಂಬ ದ್ರವದಲ್ಲಿ ನೆನೆಸಿದರೆ ಬಣ್ಣ ಅದರಲ್ಲಿ ಇಳಿಯುತ್ತದೆ. ಆ ದ್ರವದ ಮೂಲಕ ಬೆಳಕು ಹಾಯಿಸಿ, ಎಷ್ಟು ಬೆಳಕನ್ನು ಅದು ಹೀರಿತು ಎಂದು ಯಂತ್ರದಿಂದ ಅಳೆಯುತ್ತಾರೆ. ಬಣ್ಣ ಹೆಚ್ಚಿದ್ದಷ್ಟೂ ಹೀರುವುದು ಹೆಚ್ಚು. ಆ ಅಳತೆಗೆ 'ಆಸ್ಟಾ' ಎಂದು ಹೆಸರು. ಬ್ಯಾಡಗಿ ಕಾಯಿಯಿಂದ ತೆಗೆದ ಬಣ್ಣ ತಿಂಡಿ ತಿನಿಸಿಗೂ ಹೋಗುತ್ತದೆ, ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ಅಪ್ಪ ಮಾರುವುದು ಚೀಲದ ಲೆಕ್ಕದಲ್ಲಿ, ತೂಕದ ಲೆಕ್ಕದಲ್ಲಿ. ಪರದೇಶದ ವ್ಯಾಪಾರಿ ಕೊಳ್ಳುವುದು ಆ ಬಣ್ಣದ ಅಂಕಿ ನೋಡಿ.

"ನಮ್ಮ ಚೀಲದಾಗ ಕೈ ಹಾಕಿ, ಒಂದು ಹಿಡಿ ಹಿಚುಕಿ ನೋಡಿ, ಸುಮ್ಮನ ಟೆಂಡರ್ ಬರೀತಾರ" ಎಂದ ಅಪ್ಪ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ಅದನ್ನ ಅಳ್ಯಾಕ ಏನ್ ಓದಬೇಕು?"

"ಕೆಮಿಸ್ಟ್ರಿ ಅಪ್ಪಾ. ಮೊದಲ ಪಿಯುಸಿ ಸೈನ್ಸ್."

ಅಪ್ಪ ಮತ್ತೇನೂ ಮಾತಾಡಲಿಲ್ಲ. ಕೈ ತೊಳೆದುಕೊಂಡು ಒಬ್ಬನೇ ಬುರುಜು ಹತ್ತಿದ. ನೀರಿನ ಕಡೆ ಬಹಳ ಹೊತ್ತು ನೋಡುತ್ತ ನಿಂತ. ಅಷ್ಟರಲ್ಲಿ ಉಬ್ಬರ ಮುಗಿದು ಇಳಿತ ಶುರುವಾಗಿತ್ತು. ಹೊರಡುವಾಗ ದಂಡೆಯಲ್ಲಿ ನೋಡಿದರೆ ನದಿ ಮತ್ತೆ ಸಮುದ್ರದ ಕಡೆ ಮುಖ ಮಾಡಿ ಹರಿಯುತ್ತಿತ್ತು.

ಮರಳುವ ದಾರಿಯಲ್ಲಿ ಶಿರಸಿಯಲ್ಲಿ ಚಹಾಕ್ಕೆ ಬಸ್ಸು ನಿಂತಾಗ ಅಪ್ಪ ಪೇಟೆಯಲ್ಲಿ ಕಾಲು ಕಿಲೋ ಕಾಳುಮೆಣಸು ಕೊಂಡ. ಅಂಗಡಿಯವನ ಬೆಲೆ ಕೇಳಿ ಹುಬ್ಬೇರಿಸಿದ, ಚೌಕಾಶಿ ಮಾಡಲಿಲ್ಲ. ಬೆಳೆದವನ ನೆನಪಾಯಿತೋ ಏನೋ. ಬಸ್ಸಿನಲ್ಲಿ ಈ ಸಲ ಮಗಳ ಪಕ್ಕದ ಸೀಟಿನಲ್ಲೇ ಕುಳಿತ. ಹಾವೇರಿ ಬರುವ ಹೊತ್ತಿಗೆ ಮಗಳು ಅವನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ಪ್ರವಾಸದ ಬಗ್ಗೆ ಎಲ್ಲರೂ ಎರಡು ಪುಟ ಬರೆಯಬೇಕೆಂದು ಮಾಸ್ತರು ಹೇಳಿದ್ದರು. ಹುಡುಗಿ ಕೋಟೆಯ ಕಲ್ಲು, ರಾಣಿ, ಉಬ್ಬರವಿಳಿತ, ಅಲೆಕ್ಸಾಂಡ್ರಿಯಾ ಎಲ್ಲವನ್ನೂ ಬರೆದು, ಕೊನೆಗೆ 'ಬೆಳೆದವರಿಗೆ ಎಷ್ಟು ಸಿಕ್ಕಿತು?' ಎಂದು ಒಂದು ಸಾಲು ಬರೆದು ಅದರ ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಳು. ಮಾಸ್ತರು ಆ ಖಾಲಿ ಜಾಗಕ್ಕೂ ಸರಿ ಗುರುತು ಹಾಕಿ ಕೊಟ್ಟರು.

ಅಪ್ಪ ಆ ಪುಟ ಓದಿದನೆಂದು ಅವ್ವನಿಂದ ತಿಳಿಯಿತು. ಮುಂದಿನ ವಾರ ಅವನು ಬ್ಯಾಡಗಿಗೆ ಹೋಗಿ, ಇಪ್ಪತ್ತೆಂಟರಲ್ಲಿ ಹನ್ನೆರಡು ಚೀಲ ಬಿಡಿಸಿ, ಅಂದಿನ ದರಕ್ಕೇ ಮಾರಿದ. ಮಾರ್ಚ್‌ನಲ್ಲಿ ಬೇಡವೆಂದು ಬಿಟ್ಟುಬಂದ ದರಕ್ಕಿಂತಲೂ ಅದು ಕಡಿಮೆಯಿತ್ತು. ಬಾಡಿಗೆ ಕಳೆದು ಉಳಿದ ದುಡ್ಡನ್ನು ಹೆಂಡತಿಯ ಕೈಗೆ ಕೊಟ್ಟು, "ಇದನ್ನ ಬ್ಯಾರೇದಕ್ಕ ಮುಟ್ಟಬ್ಯಾಡ. ಜೂನ್‌ದಾಗ ಕಾಲೇಜಿಗೆ ಬೇಕು" ಎಂದ. ದರ ಬರುವವರೆಗೆ ಮಗಳು ಕಾಯಬೇಕೆಂದಿದ್ದವನು ದರವನ್ನು ಕಾಯುವುದು ಬಿಟ್ಟಿದ್ದ.

2025ರ ಜೂನ್‌ನಿಂದ ಆ ಹುಡುಗಿ ಬೆಳಿಗ್ಗೆಯ ಬಸ್ಸಿಗೆ ರಾಣೇಬೆನ್ನೂರಿಗೆ ಹೋಗಿ ಸಂಜೆ ಮೇಡ್ಲೇರಿಗೆ ಮರಳತೊಡಗಿದಳು. ಉಳಿದ ಹದಿನಾರು ಚೀಲಗಳ ರಸೀದಿ ಇನ್ನೂ ಅಪ್ಪನ ಜೇಬಿನಲ್ಲಿತ್ತು. ಕಾಲೇಜಿನ ಮೊದಲ ದಿನ ಬಸ್ಸು ಹತ್ತಿಸಲು ಬಂದವನು ಹೊಲದ ಒಣ ಮೆಣಸಿನಕಾಯಿ ನಾಲ್ಕನ್ನು ಕಾಗದದಲ್ಲಿ ಸುತ್ತಿ ಅವಳ ಚೀಲದಲ್ಲಿಟ್ಟ.

"ಅಲ್ಲಿ ಮಿಶನ್ ಇದ್ರ, ಬಣ್ಣ ಎಷ್ಟೈತಿ ಕೇಳು" ಎಂದ.